ಬೆನ್ನ ಹಿಂದಿನಿಂದ ಬಂದ ಹಾಡು

ನಮ್ಮೂರ ಗಣಪತಿ ದೇವಸ್ಥಾನದಲ್ಲಿ ದೊಡ್ಡ ಪೂಜೆಗಳ ದಿನ ಅಷ್ಟಾವಧಾನ ಸೇವೆ ಇರುತ್ತದೆ. ಶಿರಸಿ ಕಡೆಯವರಿಗೆ ಇದನ್ನು ಬಿಡಿಸಿ ಹೇಳುವುದು ಬೇಡ, ಬೇರೆ ಕಡೆಯವರಿಗಾಗಿ ಎರಡು ಮಾತು. ಪೂಜೆ ಮುಗಿಯುತ್ತಾ ಬಂದ ಹಾಗೆ ಭಟ್ಟರು ಒಂದೊಂದೇ ಸೇವೆಯ ಹೆಸರು ಹೇಳಿ ದೇವರಿಗೆ ಒಪ್ಪಿಸುತ್ತಾ ಹೋಗುತ್ತಾರೆ. "ಋಗ್ವೇದಪ್ರಿಯ, ಋಗ್ವೇದ ಸೇವಾಮವಧಾರಯ" ಅಂದಾಗ ವೇದ ಬಲ್ಲವರು ಒಬ್ಬರು ನಾಲ್ಕು ಸಾಲು ಹೇಳುತ್ತಾರೆ. ಹಾಗೆಯೇ ಯಜುರ್ವೇದ, ಸಾಮವೇದ, ಪುರಾಣ. "ಸಂಗೀತಪ್ರಿಯ, ಸಂಗೀತ ಸೇವಾಮವಧಾರಯ" ಅಂದಾಗ ಸೇರಿದವರಲ್ಲಿ ಹಾಡು ಬರುವವರು ಒಂದು ಹಾಡು ಹೇಳುತ್ತಾರೆ. ನಮ್ಮಲ್ಲಿ ಯಕ್ಷಗಾನ ಸೇವೆಯೂ ಉಂಟು. ಅಪ್ಪನ ಗೆಳೆಯರೊಬ್ಬರು ಭಾಗವತರು, ಅವರು ಬಂದಿದ್ದರೆ ಒಂದು ಪದ ಹಾಡುತ್ತಾರೆ, ಅಪ್ಪ ಮದ್ದಳೆ ನುಡಿಸುತ್ತಾನೆ. ಕಡೆಗೆ ಸರ್ವವಾದ್ಯ. ಜಾಗಟೆ, ಗಂಟೆ, ನಗಾರಿ, ಶಂಖ ಎಲ್ಲ ಒಟ್ಟಿಗೆ ಎದ್ದು ಮಕ್ಕಳು ಕಿವಿ ಮುಚ್ಚಿಕೊಳ್ಳುತ್ತವೆ.

ಅವಧಾರಯ ಅಂದರೆ ಮನಸ್ಸಿಟ್ಟು ಕೇಳು ಅಂತ. ಹೀಗೆ ಕೇಳು ಅಂತ ಹೇಳುವುದು ದೇವರಿಗೆ. ಅಲ್ಲಿ ನಿಂತ ನಮಗಲ್ಲ.

ಇಪ್ಪತ್ತು ವರ್ಷ ಆ ಪೂಜೆಯಲ್ಲಿ ನಿಂತರೂ ನಾನು ಈ ಮಾತಿನ ಕಡೆ ಗಮನ ಕೊಟ್ಟಿರಲಿಲ್ಲ. ಸಂಗೀತ ಸೇವೆಗೆ ಯಾವಾಗಲೂ ದೊಡ್ಡಮ್ಮನೇ ಹಾಡುತ್ತಿದ್ದರು. ಹೆಂಗಸರ ಸಾಲಿನಲ್ಲಿ ಹಿಂದೆ, ಕಂಬಕ್ಕೆ ಒರಗಿ ನಿಂತು. ನಾವು ಹುಡುಗಿಯರು ಹಾಡು ಯಾವಾಗ ಮುಗಿಯುತ್ತದೆ, ಪಂಚಕಜ್ಜಾಯ ಯಾವಾಗ ಕೊಡುತ್ತಾರೆ ಅಂತ ಕಾಯುತ್ತಿದ್ದೆವು. ಅವಧಾರಯ ಅನ್ನುವ ಮಾತು ನನಗೆ ಅರ್ಥವಾಗಲು ಲೈಪ್‌ಜಿಗ್‌ಗೆ ಹೋಗಬೇಕಾಯಿತು.

ಜರ್ಮನಿಯ ಆ ಊರಲ್ಲಿ ಎರಡು ವರ್ಷ ಓದಿದೆ. ಮೊದಲ ಚಳಿಗಾಲ ಕಷ್ಟದ್ದು. ನವೆಂಬರಿನಲ್ಲಿ ಸಂಜೆ ನಾಲ್ಕೂವರೆಗೆಲ್ಲ ಕತ್ತಲೆ. ಶಿರಸಿಯಲ್ಲಿ ಮಳೆಗಾಲದ ನಾಲ್ಕು ತಿಂಗಳ ಕತ್ತಲೆ ನೋಡಿ ಬೆಳೆದವಳಿಗೆ ಕತ್ತಲೆ ಹೊಸದಲ್ಲ, ಆದರೆ ನಮ್ಮ ಮಳೆಗಾಲಕ್ಕೆ ಸದ್ದು ಇದೆ. ಹಂಚಿನ ಮೇಲೆ ಮಳೆ, ಕಪ್ಪೆ, ಹೊಳೆ, ಎಲ್ಲೋ ತಾಳಮದ್ದಳೆಯ ದನಿ. ಅಲ್ಲಿ ಕಿಟಕಿ ಹಾಕಿದರೆ ಏನೂ ಕೇಳುವುದಿಲ್ಲ. ರಾತ್ರಿ ನನ್ನದೇ ಕಿವಿಯೊಳಗಿನ ಗುಂಯ್‌ಗುಡುವಿಕೆ ಕೇಳಿಸಿಕೊಂಡು ಮಲಗಿದ್ದೇನೆ. ಆಯಿ, ಅಂದರೆ ಅಮ್ಮ, ಫೋನಿನಲ್ಲಿ ದಿನಾ ಒಂದೇ ಪ್ರಶ್ನೆ ಕೇಳುತ್ತಿದ್ದಳು. "ಉಂಡ್ಯನೇ ಕೂಸೇ?" ಉಂಡೆ ಅನ್ನುತ್ತಿದ್ದೆ. ಅದಕ್ಕಿಂತ ಜಾಸ್ತಿ ಹೇಳಿದರೆ ಅಳು ಬರುತ್ತಿತ್ತು.

ನಾನಿದ್ದ ಮನೆಯ ಕೆಳಗಿನ ಮಹಡಿಯಲ್ಲಿ ಎಪ್ಪತ್ತು ದಾಟಿದ ಟೀಚರಮ್ಮ ಒಬ್ಬರಿದ್ದರು, ನಿವೃತ್ತರು. ಒಂದು ಶುಕ್ರವಾರ ಮೆಟ್ಟಿಲ ಹತ್ತಿರ ಸಿಕ್ಕಿ, ಸಂಜೆ ಆರಕ್ಕೆ ತೋಮಾಸ್ ಚರ್ಚಿಗೆ ಹೋಗುತ್ತೇನೆ, ಬರುತ್ತೀಯಾ ಅಂದರು. ನಾನು ಕ್ರಿಶ್ಚಿಯನ್ ಅಲ್ಲ ಅಂದೆ. "ನಾನೂ ದೇವರನ್ನು ನಂಬುವವಳಲ್ಲ. ಆದರೆ ಶುಕ್ರವಾರ ಮಾತ್ರ ತಪ್ಪಿಸುವುದಿಲ್ಲ" ಅಂದರು. ಆಮೇಲೆ ಗೊತ್ತಾಯಿತು, ಆ ಊರಲ್ಲಿ ಇಂಥವರೇ ಹೆಚ್ಚು. ನಲವತ್ತು ವರ್ಷದ ಪೂರ್ವ ಜರ್ಮನಿಯ ಕಮ್ಯುನಿಸ್ಟ್ ಆಡಳಿತ ಕಳೆದ ಮೇಲೆ ಅಲ್ಲಿ ಚರ್ಚಿನ ಸದಸ್ಯರಾಗಿ ಉಳಿದವರು ಕಡಿಮೆ.

ಒಳಗೆ ಹೋಗುವಾಗ ಕೆಲವೇ ಯೂರೋ ಕೊಟ್ಟು ಅಂದಿನ ಹಾಡುಗಳ ಚೀಟಿ ತೆಗೆದುಕೊಳ್ಳಬೇಕು, ಅದೇ ಟಿಕೆಟ್. ಕಲ್ಲಿನ ಥಂಡಿ, ಮರದ ಬೆಂಚು. ಎತ್ತರದ ಬಿಳಿ ಚಾವಣಿಯ ಮೇಲೆ ಕೆಂಪು ಪಟ್ಟಿಗಳು. ಎಲ್ಲರೂ ಮುಂದಿನ ಪೀಠದ ಕಡೆ ಮುಖ ಮಾಡಿ ಕುಳಿತರು, ನಾನೂ ಕುಳಿತೆ. ಹಾಡುವವರು ಎಲ್ಲಿ ಬರುತ್ತಾರೆ ಅಂತ ಮುಂದೆಯೇ ನೋಡುತ್ತಿದ್ದೆ. ಮುಂದೆ ಯಾರೂ ಬರಲಿಲ್ಲ. ಆಗ ಹಿಂದೆ, ಮೇಲಿನಿಂದ, ಸಣ್ಣದೊಂದು ಸ್ವರ. ಅದರ ಬೆನ್ನಿಗೇ ಒಂದು ಸದ್ದು. ಹಾಡಲ್ಲ, ಉಸಿರು. ಅಷ್ಟೂ ಹುಡುಗರು ಒಟ್ಟಿಗೆ ಒಳಗೆಳೆದುಕೊಂಡ ಉಸಿರು, ಕಣದಲ್ಲಿ ಒಣಹುಲ್ಲು ಸರಿದ ಹಾಗೆ. ಆಮೇಲೆ ಹಾಡು.

ಹಾಡುವವರು ಇರುವುದು ಚರ್ಚಿನ ಹಿಂಬದಿಯ ಅಟ್ಟದಂಥ ಜಾಗದಲ್ಲಿ, ಆರ್ಗನ್ ಪಕ್ಕ. ಕುಳಿತವರ ಬೆನ್ನ ಹಿಂದೆ. ನಾನು ತಿರುಗಿ ನೋಡಿದೆ. ಸಣ್ಣ ಹುಡುಗರು ನಾವಿಕರ ಅಂಗಿಯಂಥ ಕಡುನೀಲಿ ಅಂಗಿ ತೊಟ್ಟು ನಿಂತಿದ್ದರು. ಸುತ್ತ ನೋಡಿದರೆ ತಿರುಗಿದವಳು ನಾನೊಬ್ಬಳೇ. ಟೀಚರಮ್ಮ ಕಣ್ಣು ಮುಚ್ಚಿ ಕುಳಿತಿದ್ದರು.

ಈ ಹುಡುಗರ ಮೇಳ 1212ರಿಂದ ಇದೆ. ಒಂಬತ್ತು ವರ್ಷದವರಿಂದ ಹದಿನೆಂಟರವರೆಗೆ ಸುಮಾರು ನೂರು ಹುಡುಗರು, ಅವರದೇ ವಸತಿಶಾಲೆ. ಖರ್ಚು ನೋಡಿಕೊಳ್ಳುವುದು ನಗರಾಡಳಿತ. ಶುಕ್ರವಾರ ಸಂಜೆ, ಶನಿವಾರ ಮಧ್ಯಾಹ್ನ, ಭಾನುವಾರದ ಪ್ರಾರ್ಥನೆಗೆ ಹಾಡುತ್ತಾರೆ, ಶಾಲೆಗೆ ರಜೆ ಇದ್ದಾಗ ಬೇರೆ ಮೇಳದವರು ಬರುತ್ತಾರೆ. 1723ರಿಂದ 1750ರಲ್ಲಿ ಸಾಯುವವರೆಗೆ ಈ ಹುಡುಗರಿಗೆ ಹಾಡಿಸುವ ಕೆಲಸ ಹೆಸರಾಂತ ಸಂಗೀತ ರಚನಕಾರ ಯೋಹಾನ್ ಸೆಬಾಸ್ಟಿಯನ್ ಬಾಖ್ ಅವರದ್ದಾಗಿತ್ತು. ಮೊದಲ ಕೆಲವು ವರ್ಷ ಹೆಚ್ಚು ಕಡಿಮೆ ವಾರಕ್ಕೊಂದು ಹೊಸ ಕೃತಿ ಬರೆದು, ಕಲಿಸಿ, ಭಾನುವಾರ ಹಾಡಿಸುತ್ತಿದ್ದರು. ಅಂಥವು ಸುಮಾರು ಇನ್ನೂರು ಉಳಿದಿವೆ. ಅವರ ಸಮಾಧಿ ಈಗ ಇರುವುದು ಅದೇ ಚರ್ಚಿನೊಳಗೆ, ಪೀಠದ ಮುಂದೆ ನೆಲದಲ್ಲಿ, ಹೆಸರು ಬರೆದ ಒಂದು ಕಂಚಿನ ಹಲಗೆ. ನಾನು ಹೋದಾಗಲೆಲ್ಲ ಅದರ ಮೇಲೆ ಯಾರೋ ಹೂವಿಟ್ಟಿರುತ್ತಿದ್ದರು.

ಹಾಡು, ಬೈಬಲ್ ಓದು, ಸಣ್ಣ ಪ್ರಾರ್ಥನೆ, ಮತ್ತೆ ಹಾಡು. ನಡುವೆ ಒಂದು ಹಾಡಿಗೆ ಕುಳಿತವರೆಲ್ಲ ದನಿಗೂಡಿಸುತ್ತಾರೆ, ಅದರ ಸಾಹಿತ್ಯ ಚೀಟಿಯಲ್ಲಿ ಇರುತ್ತದೆ. ಒಂದು ಗಂಟೆಯ ಆಸುಪಾಸಿನಲ್ಲಿ ಎಲ್ಲ ಮುಗಿಯಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಕಡೆಯ ಸ್ವರ ಚಾವಣಿಯ ಹತ್ತಿರ ಸ್ವಲ್ಪ ಹೊತ್ತು ಇತ್ತು, ಆಮೇಲೆ ಬೆಂಚು ಕಿರುಗುಟ್ಟಿತು, ಯಾರೋ ಕೆಮ್ಮಿದರು, ಜನ ಎದ್ದು ಕೋಟು ಹಾಕಿಕೊಂಡರು.

ಆ ರಾತ್ರಿ ಮನೆಗೆ ಫೋನ್ ಮಾಡಿ ಚರ್ಚಿಗೆ ಹೋಗಿದ್ದೆ ಅಂದೆ. ಆಯಿ ಒಂದು ಕ್ಷಣ ಸುಮ್ಮನಾದಳು. ಅಪ್ಪ ಫೋನ್ ತೆಗೆದುಕೊಂಡು ಕೇಳಿದ್ದು ಒಂದೇ. "ಶ್ರುತಿ ಹೆಂಗೆ ಇಟ್ಕತ್ತ?" ಶ್ರುತಿಪೆಟ್ಟಿಗೆ ಇಲ್ಲ, ಮೊದಲು ಒಂದು ಸ್ವರ ಕೊಡುತ್ತಾರೆ, ಅಷ್ಟೇ, ಆಮೇಲೆ ವಾದ್ಯದ ಆಸರೆ ಇಲ್ಲದೇ ಹಾಡುತ್ತಾರೆ ಅಂದೆ. ಅಪ್ಪ ತುಂಬಾ ಹೊತ್ತು ಅದನ್ನೇ ಕೇಳಿದ. ಕಡೆಗೆ ಚಪ್ಪಾಳೆ ಇಲ್ಲ ಅಂತ ಹೇಳಿದ್ದಕ್ಕೆ "ಹಂಗಾರೆ ಅದು ಸೇವೆನೇಯ" ಅಂದ. ಅಷ್ಟು ಹೇಳಿ ಫೋನ್ ಆಯಿಗೆ ಕೊಟ್ಟ.

ಅದು ನನ್ನ ತಲೆಯಲ್ಲಿ ಕುಳಿತುಬಿಟ್ಟಿತು.

ಮೊದಮೊದಲು ಹಾಡು ನನಗೆ ಹಿಡಿತಕ್ಕೇ ಸಿಗುತ್ತಿರಲಿಲ್ಲ, ಇದನ್ನು ಮುಚ್ಚಿಡುವುದಿಲ್ಲ. ನಮ್ಮದು ಒಂದು ಶ್ರುತಿ, ಅದರ ಮೇಲೆ ಒಂದು ರಾಗ, ಒಬ್ಬರು ಹಾಡಿದ್ದನ್ನು ಉಳಿದ ವಾದ್ಯಗಳು ಹಿಂಬಾಲಿಸುತ್ತವೆ. ಶಿರಸಿ, ಸಿದ್ದಾಪುರ, ಕುಮಟಾ ಕಡೆ ಹಿಂದೂಸ್ತಾನಿ ಬೈಠಕ್ಕುಗಳಲ್ಲಿ ಕುಳಿತು ಬೆಳೆದ ಕಿವಿ ನನ್ನದು. ಅಲ್ಲಿ ನಾಲ್ಕು ದನಿಗಳು, ಕೆಲವೊಮ್ಮೆ ಎಂಟು, ಒಂದೇ ಹೊತ್ತಿಗೆ ನಾಲ್ಕು ಬೇರೆ ದಾರಿಯಲ್ಲಿ ನಡೆಯುತ್ತವೆ. ಯಾವುದನ್ನು ಕೇಳಬೇಕು? ಟೀಚರಮ್ಮನಿಗೆ ಕೇಳಿದೆ. ಎಲ್ಲವನ್ನೂ ಹಿಡಿಯಲು ಹೋಗಬೇಡ, ಇವತ್ತು ತೀರಾ ಕೆಳಗಿನ ದಪ್ಪ ದನಿಯೊಂದನ್ನೇ ಹಿಡಿದುಕೊಂಡು ಅದರ ಹಿಂದೆಯೇ ಹೋಗು ಅಂದರು. ಮುಂದಿನ ವಾರ ಅದರ ಮೇಲಿನದ್ದು. ನಾನು ಹಾಗೇ ಮಾಡಿದೆ. ಆರೇಳು ಶುಕ್ರವಾರ ಬೇಕಾಯಿತು. ಒಂದು ದಿನ ಇದ್ದಕ್ಕಿದ್ದಂತೆ ಎರಡು ದನಿ ಒಟ್ಟಿಗೆ ಕೇಳಿದವು. ಒಂದು ಮೇಲೆ ಹತ್ತುವಾಗ ಇನ್ನೊಂದು ಇಳಿಯುತ್ತಿತ್ತು, ಎರಡೂ ಒಂದಕ್ಕೊಂದು ಜಾಗ ಬಿಟ್ಟುಕೊಡುತ್ತಿದ್ದವು. ಆವತ್ತಿನ ಖುಷಿ ಈಗಲೂ ನೆನಪಿದೆ, ಮನೆಗೆ ನಡೆದೇ ಹೋದೆ. ಮೊಜಾರ್ಟ್ ಅನ್ನುವ ಇನ್ನೊಬ್ಬ ದೊಡ್ಡ ಸಂಗೀತ ರಚನಕಾರ 1789ರಲ್ಲಿ ಇದೇ ಚರ್ಚಿಗೆ ಬಂದಾಗ ಬಾಖ್ ಅವರ ಎಂಟು ದನಿಯ ಹಾಡೊಂದನ್ನು ಕೇಳಿ, ಒಂದೊಂದು ದನಿಯ ಹಾಳೆಗಳನ್ನೂ ತರಿಸಿ, ಸುತ್ತ ಹರಡಿಕೊಂಡು ಕುಳಿತುಬಿಟ್ಟರಂತೆ. ಅಂಥವರೂ ಹಾಳೆ ಹರಡಿಕೊಂಡು ನೋಡಬೇಕಾಯಿತು ಅಂದರೆ ನನಗೆ ಆರು ವಾರ ಹಿಡಿದದ್ದು ಏನೂ ಜಾಸ್ತಿಯಲ್ಲ ಅಲ್ವಾ.

ಚರ್ಚಿನ ಎದುರು ಬಾಖ್ ಮ್ಯೂಸಿಯಂ ಇದೆ. ಅಲ್ಲಿ ಒಂದು ಮಂದ ಬೆಳಕಿನ ಕೋಣೆಯಲ್ಲಿ ಹಳೆಯ ಕೈಬರಹದ ಹಾಳೆಗಳನ್ನು ಇಟ್ಟಿರುತ್ತಾರೆ. ಬಾಖ್ ತಮ್ಮ ಎಷ್ಟೋ ಕೃತಿಗಳನ್ನು ಬರೆಯಲು ಶುರು ಮಾಡುವಾಗ ಮೇಲ್ಗಡೆ ಎರಡು ಅಕ್ಷರ ಹಾಕುತ್ತಿದ್ದರು, ಯೇಸುವೇ ಸಹಾಯ ಮಾಡು ಅನ್ನುವುದರ ಮೊದಲಕ್ಷರಗಳು. ಮುಗಿದ ಮೇಲೆ ಕೆಳಗೆ ಮೂರು ಅಕ್ಷರ, ಮಹಿಮೆ ದೇವರೊಬ್ಬನಿಗೇ ಅಂತ. ನಮ್ಮಜ್ಜ ಅಡಿಕೆ ಲೆಕ್ಕದ ಪುಸ್ತಕದ ಪ್ರತಿ ಹಾಳೆಯ ನೆತ್ತಿಯ ಮೇಲೆ ಶ್ರೀ ಬರೆಯದೇ ಒಂದು ಅಂಕಿ ಹಾಕುತ್ತಿರಲಿಲ್ಲ. ಕೊನೆ ಕೊಯ್ಲಿನ ಕೂಲಿ, ಗೊಬ್ಬರದ ದುಡ್ಡು, ಎಲ್ಲದರ ಮೇಲೂ ಶ್ರೀ. ಆ ಕೋಣೆಯಲ್ಲಿ ನಿಂತು ನನಗೆ ಅಜ್ಜನ ಬೆರಳು ನೆನಪಾಯಿತು, ಅಡಿಕೆ ಚೊಗರಿನ ಕಲೆ ಕಟ್ಟಿದ ಬೆರಳು. ದುಡಿಮೆಯನ್ನು ಒಪ್ಪಿಸಿ ಶುರು ಮಾಡುವುದು, ಒಪ್ಪಿಸಿ ಮುಗಿಸುವುದು. ಬಾಖ್ ಅವರಿಗೂ ವಾರ ವಾರ ಮುಗಿಸಲೇಬೇಕಾದ ಕೆಲಸ ಅದು.

ಅಲ್ಲಿ ಒಳ್ಳೆಯ ಕಛೇರಿ ಭವನವೂ ಇದೆ, ಗೆವಾಂಡ್‌ಹೌಸ್, ನಮ್ಮ ವಿಶ್ವವಿದ್ಯಾಲಯದ ಪಕ್ಕದಲ್ಲೇ. ಅಲ್ಲಿಯ ವಾದ್ಯವೃಂದ 1743ರದ್ದು, ಊರ ವ್ಯಾಪಾರಿಗಳು ಸೇರಿ ಕಟ್ಟಿದ್ದು. ವಿದ್ಯಾರ್ಥಿಗಳಿಗೆ ಟಿಕೆಟ್ ಅಗ್ಗ, ಐದಾರು ಸಲ ಹೋದೆ. ತುಂಬಾ ಚೆನ್ನಾಗಿತ್ತು. ಆದರೆ ಅಲ್ಲಿ ಎಲ್ಲ ನನ್ನ ಕಡೆ ಮುಖ ಮಾಡಿ ನುಡಿಸುತ್ತಾರೆ, ನಾನು ಚಪ್ಪಾಳೆ ತಟ್ಟಿ ಹೊರಗೆ ಬರುತ್ತೇನೆ. ನನ್ನನ್ನು ಮತ್ತೆ ಮತ್ತೆ ಎಳೆದದ್ದು ಶುಕ್ರವಾರವೇ.

ಗುಡ್ ಫ್ರೈಡೆಗೆ ತೋಮಾಸ್ ಚರ್ಚಿನಲ್ಲಿ ಬಾಖ್ ಹಾಡಾಗಿಸಿದ ಯೇಸುವಿನ ಕೊನೆಯ ದಿನಗಳ ಕಥೆ ಕೇಳಿದೆ, ಮ್ಯಾಥ್ಯೂ ಬರೆದ ಸುವಾರ್ತೆಯದ್ದು. 1727ರಲ್ಲಿ ಮೊದಲು ಹಾಡಿದ್ದೂ ಅದೇ ಚರ್ಚಿನಲ್ಲಿ. ಮೂರು ಗಂಟೆಯ ಹತ್ತಿರ ಹಿಡಿಯುತ್ತದೆ. ಶುರುವಾಗಿ ಹತ್ತು ನಿಮಿಷಕ್ಕೆ ನನಗೆ, ಅರೆ, ಇದು ಗೊತ್ತು ಅನ್ನಿಸಿತು. ಒಬ್ಬ ಗಾಯಕ ಕಥೆಯನ್ನು ಹಾಡುತ್ತಾ ನಡೆಸುತ್ತಾನೆ, ಅವನು ಭಾಗವತ. ಪಾತ್ರಗಳು ನಡುವೆ ಬಂದು ತಮ್ಮ ಮಾತನ್ನು ತಾವೇ ಹಾಡುತ್ತವೆ. ಗುಂಪು ಕೂಗಬೇಕಾದ ಕಡೆ ಇಡೀ ಮೇಳ ಕೂಗುತ್ತದೆ. ಕಥೆ ನಿಲ್ಲಿಸಿ ಒಬ್ಬರು ತಮ್ಮ ದುಃಖ ಹೇಳಿಕೊಳ್ಳುತ್ತಾರೆ, ತಾಳಮದ್ದಳೆಯಲ್ಲಿ ಒಂದು ಪದಕ್ಕೆ ಅರ್ಧ ಗಂಟೆ ಅರ್ಥ ಹೇಳುವ ಹಾಗೆ. ಬಾಖ್ ಕಾಲದಲ್ಲಿ ಎರಡು ಭಾಗದ ನಡುವೆ ಪಾದ್ರಿಗಳ ಪ್ರವಚನವೂ ಇರುತ್ತಿತ್ತು. ಮುಂದೇನಾಗುತ್ತದೆ ಅಂತ ಕುಳಿತ ಎಲ್ಲರಿಗೂ ಗೊತ್ತು. ಕರ್ಣ ಸಾಯುತ್ತಾನೆ ಅಂತ ಗೊತ್ತಿದ್ದೂ ಬೆಳಗಿನ ಜಾವದ ಆಟದಲ್ಲಿ ಆಯಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿರಲಿಲ್ಲವೇ? ನನ್ನ ಪಕ್ಕ ದೇವರನ್ನು ನಂಬದ ಟೀಚರಮ್ಮ ಅಳುತ್ತಿದ್ದರು. ನಾನೂ ಅತ್ತೆ.

ಆ ದಿನ ಹೊರಗೆ ಬಂದ ಮೇಲೆ ಅವರು ಎರಡು ವಿಷಯ ಹೇಳಿದರು. ಒಂದು, ಈ ಕೃತಿ ಬಾಖ್ ತೀರಿಕೊಂಡ ಮೇಲೆ ಹೆಚ್ಚು ಕಡಿಮೆ ಮರೆತೇಹೋಗಿತ್ತು, 1829ರಲ್ಲಿ ಬರ್ಲಿನ್‌ನಲ್ಲಿ ಮೆಂಡೆಲ್ಸನ್ ಅನ್ನುವ ಇಪ್ಪತ್ತರ ಹುಡುಗ ಅದನ್ನು ಮತ್ತೆ ಹಾಡಿಸಿದ. ಇನ್ನೊಂದು ಅವರದೇ ಕಥೆ. ವಿಶ್ವವಿದ್ಯಾಲಯಕ್ಕೂ ಒಂದು ಹಳೆಯ ಚರ್ಚ್ ಇತ್ತು, ಯುದ್ಧದಲ್ಲೂ ಬಿದ್ದಿರಲಿಲ್ಲ. 1968ರ ಮೇ 30ರಂದು ಸರ್ಕಾರವೇ ಅದನ್ನು ಸ್ಫೋಟಿಸಿ ಕೆಡವಿತು. ಆಗ ಅವರು ಅಲ್ಲೇ ಓದುತ್ತಿದ್ದರು, ದೂರದಿಂದ ನೋಡಿದರು. ಅದೇ ಜಾಗದಲ್ಲಿ ಈಗ ಚರ್ಚಿನ ಆಕಾರದ ಹೊಸ ಕಟ್ಟಡ ಇದೆ, ನಾನು ದಿನಾ ಅದರ ಮುಂದೆಯೇ ತರಗತಿಗೆ ಹೋಗುತ್ತಿದ್ದೆ. "ಕಟ್ಟಡ ಕಟ್ಟಬಹುದು, ಅಲ್ಲಿ ಹಾಡುತ್ತಿದ್ದವರನ್ನು ಎಲ್ಲಿಂದ ತರುವುದು" ಅಂದರು. ನಾನು ಏನೂ ಹೇಳಲಿಲ್ಲ.

ಊರಲ್ಲಿ ಇನ್ನೊಂದು ಚರ್ಚ್ ಇದೆ, ನಿಕೋಲಾಯ್. ಒಳಗಿನ ಬಿಳಿ ಕಂಬಗಳ ತುದಿಯಲ್ಲಿ ಹಸಿರು ಗರಿಗಳನ್ನು ಕೆತ್ತಿದ್ದಾರೆ, ತಾಳೆ ಮರದ ಹಾಗೆ. ನನಗೆ ಅದು ಅಡಿಕೆ ತೋಟವೇ. ಮನೆ ನೆನಪಾದಾಗ ಅಲ್ಲಿ ಹೋಗಿ ಸುಮ್ನೆ ಕೂರುತ್ತಿದ್ದೆ. ಅಲ್ಲಿ 1982ರಿಂದ ಪ್ರತಿ ಸೋಮವಾರ ಶಾಂತಿಗಾಗಿ ಪ್ರಾರ್ಥನೆ ನಡೆಯುತ್ತಾ ಬಂದಿದೆ. 1989ರ ಅಕ್ಟೋಬರ್ 9ರಂದು ಆ ಪ್ರಾರ್ಥನೆ ಮುಗಿದ ಮೇಲೆ ಸುಮಾರು 70,000 ಜನ ಮೇಣದಬತ್ತಿ ಹಿಡಿದು ಆ ಸರ್ಕಾರದ ವಿರುದ್ಧ ಬೀದಿಗಿಳಿದರು, ಗುಂಡು ಹಾರಲಿಲ್ಲ, ಒಂದು ತಿಂಗಳಿಗೆ ಬರ್ಲಿನ್ ಗೋಡೆ ಬಿತ್ತು. ಮೇಣದಬತ್ತಿ ಆರದ ಹಾಗೆ ಒಯ್ಯಲು ಎರಡೂ ಕೈ ಬೇಕು, ಕಲ್ಲು ಹಿಡಿಯಲು ಕೈ ಉಳಿಯುವುದಿಲ್ಲ ಅಂತ ಅಲ್ಲಿ ಈಗಲೂ ಹೇಳುತ್ತಾರೆ. ಕಾರ್ತಿಕದಲ್ಲಿ ದೀಪ ಒಯ್ಯುವಾಗ ನಾವೂ ಹಾಗೇ ಅಲ್ವಾ, ಒಂದು ಕೈಯಲ್ಲಿ ಹಣತೆ, ಇನ್ನೊಂದು ಕೈ ಗಾಳಿಗೆ ಅಡ್ಡ.

ಎರಡನೇ ವರ್ಷ ಆಯಿ ಒಂದು ಸುದ್ದಿ ಹೇಳಿದಳು. "ದೇವಸ್ಥಾನಕ್ಕೆ ಹೊಸಾ ಮಷಿನ್ ಬಂಜು ಕೂಸೇ." ಕರೆಂಟಿನ ನಗಾರಿ. ನೀವೂ ನೋಡಿರುತ್ತೀರಿ, ಕಬ್ಬಿಣದ ಚೌಕಟ್ಟು, ಒಂದು ಮೋಟಾರು, ನಗಾರಿ, ಜಾಗಟೆ, ಎರಡು ಗಂಟೆ, ಸ್ವಿಚ್ ಒತ್ತಿದರೆ ಎಲ್ಲ ಒಟ್ಟಿಗೆ ಬಡಿದುಕೊಳ್ಳುತ್ತವೆ. ಯಾರೋ ಹರಕೆಗೆ ಕೊಟ್ಟದ್ದು. ಕೊಟ್ಟವರ ಮನಸ್ಸು ಒಳ್ಳೆಯದೇ. ಮೊದಲು ಮೌರಿ ಊದಲು ಬರುತ್ತಿದ್ದ ಅಜ್ಜನಿಗೆ ವಯಸ್ಸಾಗಿದೆ, ಅವರ ಮಕ್ಕಳು ಗೋವಾ, ಬೆಂಗಳೂರು ಅಂತ ದುಡಿಯಲು ಹೋಗಿದ್ದಾರೆ. ನಗಾರಿ ಬಡಿಯುತ್ತಿದ್ದ ಹುಡುಗರೂ ಊರಲ್ಲಿಲ್ಲ, ನಾನೂ ಇರಲಿಲ್ಲವಲ್ಲ. ಸಂಗೀತ ಸೇವೆಗೆ ಮೊಬೈಲಿನಲ್ಲಿ ಹಾಡು ಹಾಕಿ ಮೈಕಿನ ಹತ್ತಿರ ಹಿಡಿಯುತ್ತಾರಂತೆ. ದೊಡ್ಡಮ್ಮ? ಕಾಲುನೋವು, ಮತ್ತೆ ಯಾರೂ ಹಾಡು ಅಂತ ಕರೆಯಲೂ ಇಲ್ಲ ಅಂದಳು ಆಯಿ.

ಅದು ಸೇವೆ ಅಂತ ಅಪ್ಪ ಹೇಳಿದ್ದು ಆಗ ಪೂರ್ತಿ ಅರ್ಥವಾಯಿತು. ಕೇಳುವವನು ದೇವರು ಅಂತಾದರೆ ಮೊಬೈಲಿನ ಹಾಡಿನಲ್ಲಿ ಒಪ್ಪಿಸುವುದಕ್ಕೆ ನಮ್ಮದು ಏನಿದೆ? ಅದು ಎಷ್ಟೇ ದೊಡ್ಡ ಗಾಯಕರದ್ದಾಗಿರಲಿ, ಅಲ್ಲಿ ನಿಂತ ಯಾರ ಉಸಿರೂ ಅದರಲ್ಲಿಲ್ಲ. ಲೈಪ್‌ಜಿಗ್‌ನವರಿಗೆ ಬಾಖ್ ಅವರ ಒಳ್ಳೊಳ್ಳೆಯ ರೆಕಾರ್ಡು ಸಿಗುವುದಿಲ್ಲವೇ? ಸಿಗುತ್ತವೆ. ಆದರೂ ಅವರು ವಾರ ವಾರ ಹುಡುಗರನ್ನು ನಿಲ್ಲಿಸಿ ಹಾಡಿಸುತ್ತಾರೆ, ದನಿ ಒಡೆದ ಹುಡುಗನ ಜಾಗಕ್ಕೆ ಇನ್ನೊಬ್ಬನನ್ನು ತಯಾರು ಮಾಡುತ್ತಾರೆ, ಎಂಟುನೂರು ವರ್ಷದಿಂದ. ನಮಗೆ ಒಂದು ಮಷಿನ್ ಬರುವುದರೊಳಗೆ ಎಲ್ಲ ಬಿಟ್ಟುಹೋಯಿತು ಅಂತ ನನಗೆ ಸಂಕಟವಾಯಿತು.

ಓದು ಮುಗಿಸಿ ಊರಿಗೆ ಬಂದೆ. ಈ ಕಾರ್ತಿಕದಲ್ಲಿ ನಮ್ಮ ಮನೆಯ ಸರದಿಯ ದೀಪೋತ್ಸವದ ದಿನ ಭಟ್ಟರ ಹತ್ತಿರ ಹೋಗಿ, ಇವತ್ತೊಂದು ದಿನ ಮಷಿನ್ ಹಾಕುವುದು ಬೇಡ, ಮೊಬೈಲೂ ಬೇಡ ಅಂತ ಕೇಳಿಕೊಂಡೆ. ಅವರು ನನ್ನ ಮುಖ ನೋಡಿದರು. "ಬಡಿಯವ್ಕೆ ಜನ ಇದ್ವ?" ಅಂದರು. ಇದ್ದಾರೆ ಅಂದೆ. ಅಕ್ಕನ ಮಕ್ಕಳು ಇಬ್ಬರು ರಜೆಗೆ ಬಂದಿದ್ದರು. "ಅಡ್ಡಿಲ್ಲೆ" ಅಂದರು. ಮೌರಿಯ ಅಜ್ಜನನ್ನು ಅಪ್ಪ ಬೈಕಿನ ಮೇಲೆ ಕೂರಿಸಿಕೊಂಡು ಬಂದ.

ಎಲ್ಲ ಸರಿಯಾಗಿ ಆಯಿತು ಅಂತಲ್ಲ. ಮಕ್ಕಳ ನಗಾರಿ ತಾಳಕ್ಕೆ ನಿಲ್ಲಲಿಲ್ಲ, ಒಬ್ಬನ ಕೈ ಸೋತು ಕೋಲು ಕೆಳಗೆ ಬಿತ್ತು. ಮೌರಿಯ ಅಜ್ಜ ಎರಡು ಸಲ ನಿಲ್ಲಿಸಿ ಉಸಿರು ತೆಗೆದುಕೊಂಡರು. ನಾವು ಯಾರೂ ಅವಸರ ಮಾಡಲಿಲ್ಲ.

ಅಷ್ಟಾವಧಾನ ಶುರುವಾಯಿತು. ಋಗ್ವೇದ ಆಯಿತು, ಯಜುರ್ವೇದ ಆಯಿತು. ಭಟ್ಟರು "ಸಂಗೀತಪ್ರಿಯ, ಸಂಗೀತ ಸೇವಾಮವಧಾರಯ" ಅಂದರು. ಯಾರೂ ಹಾಡಲಿಲ್ಲ. ಹೊರಗೆ ಅಂಗಳದಲ್ಲಿ ಹಣತೆಗಳು ಚಿಟಿಚಿಟಿ ಅನ್ನುವುದು ಕೇಳುತ್ತಿತ್ತು. ನಾನೇ ಹಾಡಬೇಕೇನೋ ಅಂದುಕೊಂಡೆ, ನನಗೆ ಬಾಯಿ ಒಣಗಿತ್ತು. ಭಟ್ಟರು ಕಾದರು. ಗರ್ಭಗುಡಿಯ ಕಡೆಯೇ ಮುಖ ಮಾಡಿ ಎಲ್ಲರೂ ನಿಂತಿದ್ದೆವು.

ಆಗ ಹಿಂದೆ, ಕಂಬದ ಹತ್ತಿರ, ಯಾರೋ ಗಂಟಲು ಸರಿಮಾಡಿಕೊಂಡರು. ಒಮ್ಮೆ ಕೆಮ್ಮು. ಆಮೇಲೆ ಒಳಗೆಳೆದುಕೊಂಡ ಉಸಿರು.

ನಾನು ತಿರುಗಿ ನೋಡಲಿಲ್ಲ.